ಬವುಮಾ ‘ಕೋಟಾ ಆಟಗಾರ’ನೇ? ಭಾವನ ಜತೆ ಜಗಳವಾಗಿದೆ, ತಿಳಿದವರು ಹೇಳಿ

ಕೊನೆಯ ಬೆಂಚು
ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಭಾವ ಮನೆಗೆ ಬಂದಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಟಿವಿಯಲ್ಲಿ ಲಾರ್ಡ್ಸ್ ಫೈನಲ್ ಮರುಪ್ರಸಾರವಾಗುತ್ತಿತ್ತು. 2025ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತಲ್ಲ, ಅದೇ ಪಂದ್ಯ. ತೊಡೆಯ ಸ್ನಾಯು ಎಳೆದುಕೊಂಡು ಕುಂಟುತ್ತಲೇ ರನ್ ಓಡುತ್ತಿದ್ದ ದಕ್ಷಿಣ ಆಫ್ರಿಕಾ ನಾಯಕ ಬವುಮಾ ಅವರನ್ನು ತೋರಿಸಿ ಭಾವ, ‘ಇವನು ಬಿಳಿಯರಲ್ಲದವರ ಕೋಟಾದಲ್ಲಿ ಬಂದವನು. ರಾಜಕೀಯ ಹೊಕ್ಕ ಮೇಲೆ ಅಲ್ಲಿಯ ಕ್ರಿಕೆಟ್ ಹಾಳಾಯಿತು’ ಎಂದರು. ‘ಆ 66 ರನ್ನನ್ನೂ ಕೋಟಾದಲ್ಲಿ ಕೊಟ್ಟರೇ?’ ಎಂದು ಕೇಳಿದೆ. ಮಾತಿಗೆ ಮಾತು ಬೆಳೆದು ಕೊನೆಗೆ ಅಕ್ಕ ಬಂದು ಟಿವಿ ಆರಿಸಿದಳು.

ನನ್ನ ಪ್ರಶ್ನೆ ಇಷ್ಟೇ. ಅಲ್ಲಿಯ ಕ್ರಿಕೆಟ್‌ಗೆ ರಾಜಕೀಯ ಹೊಕ್ಕದ್ದು ಯಾವಾಗ? ಬಹಿಷ್ಕಾರ ಮುಗಿದು ದಕ್ಷಿಣ ಆಫ್ರಿಕಾ ಮರಳಿ ಆಡಿದ 1991ರ ಕೋಲ್ಕತ್ತ ಪಂದ್ಯದಿಂದ ಈಚೆಗಿನದು ನನಗೆ ಗೊತ್ತು, ಅದರ ಹಿಂದಿನದು ಅಷ್ಟಾಗಿ ಗೊತ್ತಿಲ್ಲ. ಭಾವ ಬರುವ ಭಾನುವಾರ ಮತ್ತೆ ಬರುತ್ತಾರೆ. ಸ್ವಲ್ಪ ಬೇಗ ಹೇಳಿದರೆ ಉಪಕಾರ.

ಗಲ್ಲಿ ಫೀಲ್ಡರ್
ಭಾವನ ಜತೆ ವಾದ ಗೆದ್ದವರು ಚರಿತ್ರೆಯಲ್ಲೇ ಇಲ್ಲ. ಬಿಟ್ಟುಬಿಡಿ.

ಹಳೆಯ ರೇಡಿಯೊ
ಹೊಕ್ಕದ್ದು ಯಾವಾಗ ಎಂದರೆ, ಹೊರಗಿದ್ದದ್ದು ಯಾವಾಗ ಎಂದು ಮೊದಲು ನಿಮ್ಮ ಭಾವನನ್ನೇ ಕೇಳಿ.

1894ರಲ್ಲಿ ದಕ್ಷಿಣ ಆಫ್ರಿಕಾ ತಂಡ ಮೊದಲ ಬಾರಿ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಿತು. ಆಗ ಕೇಪ್‌ಟೌನ್‌ನಲ್ಲಿ ಕ್ರೋಮ್ ಹೆಂಡ್ರಿಕ್ಸ್ ಎಂಬ ವೇಗದ ಬೌಲರ್ ಇದ್ದರು, ಮಲಯ ಸಮುದಾಯದವರು. ಎರಡು ವರ್ಷ ಹಿಂದೆ ಅಲ್ಲಿಗೆ ಬಂದಿದ್ದ ಇಂಗ್ಲಿಷ್ ಆಟಗಾರರು ಇವರ ಚೆಂಡನ್ನು ಎದುರಿಸಿ, ಇವರನ್ನು ಕರೆದುಕೊಂಡು ಬನ್ನಿ ಎಂದು ತಾವಾಗಿಯೇ ಹೇಳಿಹೋಗಿದ್ದರು. ಆದರೂ ಆಯ್ಕೆಯಾಗಲಿಲ್ಲ. ಸೆಸಿಲ್ ರೋಡ್ಸ್ ಆಗ ಕೇಪ್ ವಸಾಹತಿನ ಪ್ರಧಾನಿ. ಕ್ರಿಕೆಟ್ ಆಡಳಿತದ ಮುಖ್ಯಸ್ಥ ವಿಲಿಯಂ ಮಿಲ್ಟನ್, ರೋಡ್ಸ್ ಅವರ ಕಚೇರಿಯ ಮನುಷ್ಯ. ತಂಡದ ಸಾಮಾನು ಹೊರುವ ಆಳಾಗಿ ಹೆಂಡ್ರಿಕ್ಸ್ ಹೋಗಬಹುದು ಎಂಬ ಸಲಹೆಯೂ ಬಂತು. ಅವರು ಅದನ್ನು ಒಪ್ಪಲಿಲ್ಲ. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಕ್ರಿಕೆಟ್ ಮುಗಿಯಿತು, ಶುರುವಾಗುವ ಮೊದಲೇ.

ವರ್ಣಭೇದ ನೀತಿ ಕಾನೂನಾದದ್ದು 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದ ನಂತರ. ಇದು ಅದಕ್ಕೂ ಅರ್ಧ ಶತಮಾನ ಹಿಂದಿನ ಮಾತು.

ನೇರ ಬ್ಯಾಟು
ರೇಡಿಯೊ ರಾಯರೇ, 1894ರ ಅನ್ಯಾಯಕ್ಕೆ 2015ರಲ್ಲಿ ಕೈಲ್ ಅಬಾಟ್ ಏಕೆ ದಂಡ ತೆರಬೇಕು? ವಿಶ್ವಕಪ್ ಸೆಮಿಫೈನಲ್, ಆಕ್ಲೆಂಡ್. ಒಳ್ಳೆಯ ಲಯದಲ್ಲಿದ್ದ ಬಿಳಿಯ ಬೌಲರ್ ಅಬಾಟ್ ಹೊರಗೆ, ಗಾಯದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಬಿಳಿಯರಲ್ಲದ ಫಿಲಾಂಡರ್ ಒಳಗೆ. ನಾಯಕ ಡಿ ವಿಲಿಯರ್ಸ್ ತಮಗಾದ ಬೇಸರವನ್ನು ಆಮೇಲೆ ತಾವೇ ಹೇಳಿಕೊಂಡಿದ್ದಾರೆ. ಆಟಕ್ಕೆ ಒಂದೇ ಅಳತೆಗೋಲು ಇರಬೇಕು, ಅದು ಪ್ರತಿಭೆ. ನಾನು ಭಾವನ ಪಕ್ಷ.

ಗಲ್ಲಿ ಫೀಲ್ಡರ್
ಆ ಪಂದ್ಯದಲ್ಲಿ ಕೊನೆಯ ಸಿಕ್ಸರ್ ಹೊಡೆದು ನ್ಯೂಜಿಲೆಂಡನ್ನು ಗೆಲ್ಲಿಸಿದ ಗ್ರಾಂಟ್ ಎಲಿಯಟ್ ಹುಟ್ಟಿದ್ದು ಜೋಹಾನ್ಸ್‌ಬರ್ಗ್‌ನಲ್ಲಿ ಎಂಬುದನ್ನು ಮರೆಯಬೇಡಿ. ಆ ಚೆಂಡು ಎಸೆದ ಡೇಲ್ ಸ್ಟೇನ್ ಪಿಚ್ ಮೇಲೆ ಅಂಗಾತ ಮಲಗಿದ ದೃಶ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಎಡಗೈ ಸ್ಪಿನ್
ನೇರ ಬ್ಯಾಟು ಅವರೇ, ಒಂದೇ ಅಳತೆಗೋಲು ಎಂದಿರಿ. ಸರಿ, ಆ ಗೋಲು ಹಿಡಿದೇ ಒಬ್ಬರನ್ನು ಅಳೆಯೋಣ.

ಬೇಸಿಲ್ ಡಿ’ಒಲಿವೇರಾ. ಕೇಪ್‌ಟೌನ್‌ನ ಸಿಗ್ನಲ್ ಹಿಲ್ ತಪ್ಪಲಿನ ಹುಡುಗ. ಸರ್ಕಾರದ ದಾಖಲೆಯಲ್ಲಿ ‘ಮಿಶ್ರವರ್ಣೀಯ’. ಅಲ್ಲಿ ಜನರನ್ನು ಚರ್ಮದ ಬಣ್ಣ ನೋಡಿ ವಿಂಗಡಿಸಿ ಪಟ್ಟಿ ಮಾಡುವುದಕ್ಕೆ 1950ರಲ್ಲಿ ಒಂದು ಕಾಯ್ದೆಯೇ ಬಂದಿತ್ತು. ಕಲ್ಲುಮಣ್ಣಿನ ನೆಲದ ಮೇಲೆ ಚಾಪೆ ಹಾಸಿ ಆಡಿ ಬೆಳೆದವರು ಇವರು. ಬಿಳಿಯರಲ್ಲದವರ ತಂಡಕ್ಕೆ ನಾಯಕರಾಗಿ 1958ರಲ್ಲಿ ಪೂರ್ವ ಆಫ್ರಿಕಾ ಪ್ರವಾಸವನ್ನೂ ಮಾಡಿದರು. ಅದರಿಂದಾಚೆಗೆ ಏರಲು ಮೆಟ್ಟಿಲೇ ಇರಲಿಲ್ಲ. ಆಗ ಇಂಗ್ಲೆಂಡಿನ ವೀಕ್ಷಕ ವಿವರಣೆಗಾರ ಜಾನ್ ಆರ್ಲಟ್ ಅವರಿಗೆ ಹಸಿರು ಶಾಯಿಯಲ್ಲಿ ಕಾಗದ ಬರೆದರು: ಎಲ್ಲಾದರೂ ಆಡಲು ಒಂದು ಅವಕಾಶ ಕೊಡಿಸಿ. 1960ರಲ್ಲಿ ಲ್ಯಾಂಕಾಷೈರ್‌ನ ಮಿಡಲ್ಟನ್ ಎಂಬ ಲೀಗ್ ಕ್ಲಬ್ ಕರೆಯಿತು. ವಿಮಾನದ ದುಡ್ಡನ್ನು ಊರವರು ಚಂದಾ ಎತ್ತಿ ಹೊಂದಿಸಿದರು. ಇಂಗ್ಲೆಂಡಿನಲ್ಲಿ ಇಳಿದ ಮೊದಲ ದಿನಗಳಲ್ಲಿ ಇವರ ಕಣ್ಣು ‘ಕರಿಯರಿಗೆ’ ಎಂಬ ಫಲಕವಿರುವ ಪ್ರತ್ಯೇಕ ಬಾಗಿಲನ್ನು ಹುಡುಕುತ್ತಿತ್ತಂತೆ. ಅಂಥದು ಅಲ್ಲಿ ಇಲ್ಲ ಎಂಬುದು ನಂಬಿಕೆಗೆ ಬರಲು ಕಾಲ ಹಿಡಿಯಿತು. 1966ರಲ್ಲಿ ಇಂಗ್ಲೆಂಡ್ ತಂಡಕ್ಕೆ ಪದಾರ್ಪಣೆ. ವಯಸ್ಸು ಹೆಚ್ಚೆಂದು ಕೈಬಿಟ್ಟಾರು ಎಂಬ ಭಯಕ್ಕೆ ಮೂರು ವರ್ಷ ಕಡಿಮೆ ಹೇಳಿಕೊಂಡಿದ್ದರು.

1968ರ ಆಗಸ್ಟ್. ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಕೊನೆಯ ಟೆಸ್ಟ್. ರೋಜರ್ ಪ್ರಿಡೋ ಅನಾರೋಗ್ಯದಿಂದ ಹಿಂದೆ ಸರಿದದ್ದರಿಂದ ಡಿ’ಒಲಿವೇರಾ ಒಳಬಂದರು. 31 ರನ್ ಇದ್ದಾಗ ಕೀಪರ್ ಬ್ಯಾರಿ ಜಾರ್ಮನ್ ಒಂದು ಕ್ಯಾಚ್ ಕೈಚೆಲ್ಲಿದರು. ಇವರು 158 ಹೊಡೆದರು. ಕೊನೆಯ ದಿನ ಮಳೆ. ಪ್ರೇಕ್ಷಕರೇ ಮೈದಾನಕ್ಕಿಳಿದು ನೀರು ಒರೆಸಿದರು. ಉಳಿದ ಅಷ್ಟಿಷ್ಟು ಹೊತ್ತಿನಲ್ಲಿ, ಕಚ್ಚಿ ನಿಂತಿದ್ದ ಅದೇ ಜಾರ್ಮನ್ ಅವರನ್ನು ಬೌಲ್ಡ್ ಮಾಡಿ ಗೆಲುವಿಗೆ ದಾರಿ ಮಾಡಿದವರೂ ಇವರೇ. ಮರುದಿನ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ತಂಡ ಪ್ರಕಟವಾಯಿತು. ಇವರ ಹೆಸರು ಇರಲಿಲ್ಲ.

ಈಗ ಹೇಳಿ, ನಿಮ್ಮ ಅಳತೆಗೋಲು ಆ ದಿನ ಯಾರ ಕೈಯಲ್ಲಿತ್ತು?

ಕೊನೆಯ ಬೆಂಚು
ಅಯ್ಯೋ, ಅಲ್ಲಿಗೇ ನಿಲ್ಲಿಸಬೇಡಿ. ಆಮೇಲೆ?

ಎಡಗೈ ಸ್ಪಿನ್
ಕಾಫಿ ಕುಡಿಯಲು ಎದ್ದಿದ್ದೆ, ಕ್ಷಮಿಸಿ.

ಆಮೇಲೆ ನಾಡೆಲ್ಲ ಗುಲ್ಲೆದ್ದಿತು. ಸೆಪ್ಟೆಂಬರ್ 16ಕ್ಕೆ ತಂಡದಲ್ಲಿದ್ದ ಟಾಮ್ ಕಾರ್ಟ್‌ರೈಟ್ ಗಾಯವೆಂದು ಹೊರನಡೆದರು. ಅವರ ಜಾಗಕ್ಕೆ ಡಿ’ಒಲಿವೇರಾ ಬಂದರು. ಮರುದಿನವೇ ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್ ಬ್ಲೂಮ್‌ಫಾಂಟೇನ್‌ನಲ್ಲಿ ಭಾಷಣ ಮಾಡಿ, ಇದು ಎಂಸಿಸಿಯ (ಆಗ ಇಂಗ್ಲೆಂಡ್ ತಂಡವನ್ನು ಪ್ರವಾಸಕ್ಕೆ ಕಳುಹಿಸುತ್ತಿದ್ದ ಕ್ಲಬ್) ತಂಡವಲ್ಲ, ನಮ್ಮ ವಿರೋಧಿಗಳು ಆರಿಸಿದ ತಂಡ, ಇದನ್ನು ನಾವು ಬರಮಾಡಿಕೊಳ್ಳುವುದಿಲ್ಲ ಎಂದರು. ಸೆಪ್ಟೆಂಬರ್ 24ಕ್ಕೆ ಪ್ರವಾಸ ರದ್ದು.

ತೆರೆಯ ಹಿಂದಿನದು ಇನ್ನೂ ಸೊಗಸು. ಓವಲ್ ಪಂದ್ಯಕ್ಕೆ ಮೊದಲೇ ಒಂದು ತಂಬಾಕು ಉದ್ದಿಮೆಯ ದಕ್ಷಿಣ ಆಫ್ರಿಕಾ ಅಧಿಕಾರಿಯೊಬ್ಬರು ಡಿ’ಒಲಿವೇರಾ ಅವರನ್ನು ಕಂಡು, ವರ್ಷಕ್ಕೆ 4,000 ಪೌಂಡ್ ಸಂಬಳ ಕೊಡುತ್ತೇವೆ, ಬಂದು ಮಕ್ಕಳಿಗೆ ತರಬೇತಿ ಕೊಡಿ ಎಂದಿದ್ದರು. ಷರತ್ತು ಒಂದೇ: ಪ್ರವಾಸಕ್ಕೆ ತಾನು ಲಭ್ಯನಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಆಗಿನ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ. ಅವರು ಒಪ್ಪಲಿಲ್ಲ.

ತುಂಗೆಯ ದಡ
ಈಗ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಟೆಸ್ಟ್ ಸರಣಿಯ ಟ್ರೋಫಿಗೆ ಅವರದೇ ಹೆಸರು. ಬರಮಾಡಿಕೊಳ್ಳದ ದೇಶವೇ ಆ ಟ್ರೋಫಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತದೆ.

ನೇರ ಬ್ಯಾಟು
ಡಿ’ಒಲಿವೇರಾ ಅವರಿಗೆ ಆದದ್ದು ಅನ್ಯಾಯ. ಅದನ್ನು ಯಾರು ಅಲ್ಲಗಳೆದರು? ಆದರೆ ಆಮೇಲಿನ ಇಪ್ಪತ್ತೆರಡು ವರ್ಷದ ಬಹಿಷ್ಕಾರ? ಬ್ಯಾರಿ ರಿಚರ್ಡ್ಸ್ ನಾಲ್ಕೇ ಟೆಸ್ಟ್‌ನಲ್ಲಿ 508 ರನ್, ಸರಾಸರಿ 72.57. ಗ್ರೇಮ್ ಪೊಲಾಕ್ 1970ರಲ್ಲಿ ಡರ್ಬನ್‌ನಲ್ಲಿ 274. ಆ ಸರಣಿಯಲ್ಲಿ ಆಸ್ಟ್ರೇಲಿಯಾವನ್ನು 4-0ರಿಂದ ಹೊಸಕಿಹಾಕಿದ ತಂಡ ಅದು. ಆಮೇಲೆ ಅವರೆಲ್ಲ ಮನೆಯಲ್ಲಿ. ಇವರು ಮಾಡಿದ ತಪ್ಪೇನು? 1971ರ ಏಪ್ರಿಲ್‌ನಲ್ಲಿ ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್‌ನಲ್ಲಿ ಒಂದು ಚೆಂಡು ಎಸೆದು ಆಟಗಾರರೆಲ್ಲ ಮೈದಾನ ಬಿಟ್ಟು ಹೊರನಡೆದರು, ಆಯ್ಕೆ ಅರ್ಹತೆಯ ಮೇಲೆ ಆಗಲಿ ಎಂದು. ಸ್ವಂತ ಸರ್ಕಾರದ ಎದುರು. ಅದಕ್ಕೂ ಬೆಲೆ ಇಲ್ಲವೇ?

ಹಳೆಯ ರೇಡಿಯೊ
ಬೆಲೆ ಇದೆ. ಆದರೆ ತಡವಾಯಿತು. 1889ರಿಂದ 1970ರವರೆಗೆ ದಕ್ಷಿಣ ಆಫ್ರಿಕಾ ಟೆಸ್ಟ್ ಆಡಿದ್ದು ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಮೂರರ ಜತೆ ಮಾತ್ರ. ಭಾರತದ ಜತೆ ಒಂದೂ ಇಲ್ಲ, ವೆಸ್ಟ್ ಇಂಡೀಸ್ ಜತೆ ಒಂದೂ ಇಲ್ಲ, ಪಾಕಿಸ್ತಾನದ ಜತೆ ಒಂದೂ ಇಲ್ಲ. ಎಂಬತ್ತು ವರ್ಷ ಜಗತ್ತಿನ ಅರ್ಧ ಕ್ರಿಕೆಟ್ಟನ್ನು ಬಹಿಷ್ಕರಿಸಿದ್ದವರು ಅವರು. ಇಪ್ಪತ್ತೆರಡು ವರ್ಷ ತಿರುಗಿ ಸಿಕ್ಕಿತು.

ರಿಚರ್ಡ್ಸ್‌ಗೆ ನಾಲ್ಕು ಟೆಸ್ಟ್ ಆದರೂ ಇತ್ತಲ್ಲ, ರಾಯರೇ. ಅವರದೇ ಊರು ಡರ್ಬನ್‌ನಲ್ಲಿ ಅದೇ ವಯಸ್ಸಿನ ಭಾರತೀಯ ಹುಡುಗನಿಗೆ ಎಷ್ಟಿತ್ತು?

ಸಾಲುಮರ
ರೇಡಿಯೊ ಸರ್ ಇವತ್ತು ಕೊನೆಯ ಓವರ್‌ನಲ್ಲಿ ಯಾರ್ಕರ್ ಮೇಲೆ ಯಾರ್ಕರ್.

ಜೋಬರ್ಗ್ ಕನ್ನಡಿಗ
ನಾನು ಒಂಬತ್ತು ವರ್ಷದಿಂದ ಇಲ್ಲೇ ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ನೋಡಿದ್ದನ್ನು, ಕೇಳಿದ್ದನ್ನು ಹೇಳುತ್ತೇನೆ.

ಮೊದಲನೆಯದು, ‘ಕರಿಯರಿಗೆ ಫುಟ್‌ಬಾಲ್, ಬಿಳಿಯರಿಗೆ ಕ್ರಿಕೆಟ್’ ಎಂಬ ಮಾತು. ಇಲ್ಲಿಯ ಬಿಳಿಯ ಸಹೋದ್ಯೋಗಿಗಳೂ ಹೇಳುತ್ತಾರೆ, ನಮ್ಮವರೂ ತಲೆದೂಗುತ್ತಾರೆ. ಶುದ್ಧ ಸುಳ್ಳು. ಈಸ್ಟರ್ನ್ ಕೇಪ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಲವ್‌ಡೇಲ್, ಹೀಲ್ಡ್‌ಟೌನ್‌ನಂಥ ಮಿಷನ್ ಶಾಲೆಗಳಲ್ಲಿ ಕಪ್ಪು ಜನ ಕ್ರಿಕೆಟ್ ಆಡುತ್ತಿದ್ದರು. ಅಜ್ಜ, ಅಪ್ಪ, ಮಗ ಒಂದೇ ಕ್ಲಬ್‌ಗೆ ಆಡಿದ ಮನೆತನಗಳಿವೆ. ಅವರ ಅಂಕಿಅಂಶ ಮಾತ್ರ ಯಾವ ದಾಖಲೆ ಪುಸ್ತಕಕ್ಕೂ ಹತ್ತಲಿಲ್ಲ.

ಎರಡನೆಯದು ಪ್ರೇಕ್ಷಕರು. ವರ್ಣಭೇದದ ಕಾಲದಲ್ಲಿ ಕರಿಯರಿಗೆ, ಭಾರತೀಯರಿಗೆ ಕ್ರೀಡಾಂಗಣದ ಒಂದು ಮೂಲೆಯಲ್ಲಿ ಬೇಲಿ ಹಾಕಿದ ಜಾಗ. ಅಲ್ಲಿ ಕುಳಿತು ಅವರು ಕೂಗುತ್ತಿದ್ದದ್ದು ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ, ಯಾರು ಬಂದರೆ ಅವರಿಗೆ. ನನ್ನ ಮನೆಯ ಮಾಲೀಕರು ಡರ್ಬನ್ ಮೂಲದ ತಮಿಳರು, ಎಪ್ಪತ್ತು ದಾಟಿದವರು. ಸ್ವಂತ ದೇಶ ಸೋತ ದಿನ ಅವರ ತಂದೆ ಮನೆಗೆ ಮಿಠಾಯಿ ತರುತ್ತಿದ್ದರಂತೆ. 1992ರಲ್ಲಿ ಅಜರುದ್ದೀನ್ ಅವರ ತಂಡ ಡರ್ಬನ್‌ಗೆ ಬಂದಾಗ ಅಪ್ಪ ಬದುಕಿರಲಿಲ್ಲ. ಇವರು ಅಪ್ಪನ ಹಳೆಯ ಟೋಪಿ ಹಾಕಿಕೊಂಡು ಮೈದಾನಕ್ಕೆ ಹೋದರಂತೆ. ಈ ಸಲ ಬೇಲಿ ಇರಲಿಲ್ಲ. ಯಾರ ಪರ ಕೂಗಬೇಕು ಎಂಬುದೇ ತಿಳಿಯಲಿಲ್ಲ, ಐದು ದಿನ ಸುಮ್ಮನೆ ಕುಳಿತು ಬಂದೆ ಎನ್ನುತ್ತಾರೆ.

ಮಲ್ಲಿಗೆ ಹೂವು
ಅಪ್ಪನ ಟೋಪಿಯ ಮಾತು ಓದಿ ಒಂದು ಕ್ಷಣ ಸುಮ್ಮನಾದೆ.

ಗಲ್ಲಿ ಫೀಲ್ಡರ್
ಅದೇ ಡರ್ಬನ್ ಟೆಸ್ಟ್‌ನಲ್ಲಿ ಪ್ರವೀಣ್ ಆಮ್ರೆ ಪದಾರ್ಪಣೆಯಲ್ಲೇ 103. ತೆಂಡುಲ್ಕರ್ ಟಿವಿ ಅಂಪೈರ್ ತೀರ್ಪಿಗೆ ಔಟಾದ ಮೊದಲಿಗ. ಮುಂದಿನ ಜೋಹಾನ್ಸ್‌ಬರ್ಗ್ ಟೆಸ್ಟ್‌ನಲ್ಲಿ ನಮ್ಮ ಕುಂಬ್ಳೆ 53ಕ್ಕೆ 6! ಅವರನ್ನು ದೇಶದ ಹೊರಗಿನ ಜನ ಮೊದಲು ಗಂಭೀರವಾಗಿ ನೋಡಿದ್ದೇ ಆ ಪ್ರವಾಸದಲ್ಲಿ.

ಸಾಲುಮರ
ದ್ರಾವಿಡ್ ಅವರ ಮೊದಲ ಟೆಸ್ಟ್ ಶತಕವೂ ಜೋಹಾನ್ಸ್‌ಬರ್ಗ್‌ನಲ್ಲೇ, 1997ರ ಜನವರಿ, 148. ವೆಂಕಟೇಶ್ ಪ್ರಸಾದ್ ಅದಕ್ಕೆ ಮೊದಲು ಡರ್ಬನ್‌ನಲ್ಲಿ ಹತ್ತು ವಿಕೆಟ್ ತೆಗೆದರೂ ನಮ್ಮವರು 100ಕ್ಕೆ, 66ಕ್ಕೆ ಮುದುರಿದ್ದರು. ಆ 66 ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ತುಂಗೆಯ ದಡ
ಮಾತು ಬೇರೆ ಕಡೆಗೆ ಹೋಗುತ್ತಿದೆ, ಮಹನೀಯರೇ. ಇಲ್ಲಿ ಎಲ್ಲ ದಾರಿಯೂ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಹೋಗುತ್ತದೆ ಎಂದು ಬಲ್ಲೆ, ಆದರೂ.

ಹಳೆಯ ರೇಡಿಯೊ
ಚಿನ್ನಸ್ವಾಮಿ ಎಂದಿರಿ, ಹಾಗಾದರೆ ಕೇಳಿ. ಇದು ವಿಷಯಕ್ಕೆ ಸೇರಿದ್ದೇ.

1981ರ ವರ್ಷಾಂತ್ಯ. ಇಂಗ್ಲೆಂಡ್ ತಂಡ ಭಾರತಕ್ಕೆ ಬರುವುದೇ ಅನುಮಾನವಿತ್ತು. ಜೆಫ್ ಬಾಯ್ಕಾಟ್ ಮತ್ತು ಜೆಫ್ ಕುಕ್ ಇಬ್ಬರೂ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆಡಿಬಂದವರು. ಅವರಿಗೆ ವೀಸಾ ಕೊಡಬೇಕೇ ಬೇಡವೇ ಎಂಬ ಚರ್ಚೆ ಪ್ರಧಾನಿ ಇಂದಿರಾ ಗಾಂಧಿಯವರ ಮಟ್ಟಕ್ಕೆ ಹೋಯಿತು. ವರ್ಣಭೇದವನ್ನು ಒಪ್ಪುವುದಿಲ್ಲ ಎಂದು ಹೇಳಿಸಿಕೊಂಡು ಒಳಗೆ ಬಿಟ್ಟರು. ಬೆಂಗಳೂರು ಟೆಸ್ಟ್‌ಗೆ ನಾನು ಹೋಗಿದ್ದೆ, ಆಗ ಕಾಲೇಜು ಹುಡುಗ. ಗಾವಸ್ಕರ್ 172 ಹೊಡೆದರು. ಹೊಡೆದರು ಎನ್ನುವುದಕ್ಕಿಂತ ನೇಯ್ದರು ಎನ್ನಬೇಕು, ಎರಡು ದಿನಕ್ಕೂ ಮೀರಿ. ಬುತ್ತಿಯ ಚಿತ್ರಾನ್ನ ಖಾಲಿಯಾಯಿತು, ಗಾವಸ್ಕರ್ ಮಾತ್ರ ಹಾಗೇ ಇದ್ದರು.

ನಾವು ಹೀಗೆ ಚಪ್ಪಾಳೆ ತಟ್ಟುತ್ತ ಕುಳಿತಿದ್ದಾಗಲೇ ಅದೇ ಪ್ರವಾಸದ ಹೋಟೆಲ್ ಕೋಣೆಗಳಲ್ಲಿ ಗುಟ್ಟಾಗಿ ಇನ್ನೊಂದು ವ್ಯಾಪಾರ ಕುದುರುತ್ತಿತ್ತು. 1982ರ ಮಾರ್ಚ್‌ನಲ್ಲಿ ಗ್ರಹಾಂ ಗೂಚ್, ಬಾಯ್ಕಾಟ್ ಮೊದಲಾದವರು ಬಂಡಾಯ ತಂಡ ಕಟ್ಟಿ ದಕ್ಷಿಣ ಆಫ್ರಿಕಾದಲ್ಲಿ ಇಳಿದರು. ನಮಗೆ ಕೊಟ್ಟ ಮಾತು ಆರು ತಿಂಗಳೂ ಬಾಳಲಿಲ್ಲ. ಮೂರು ವರ್ಷ ನಿಷೇಧ ಬಿತ್ತು, ಆಮೇಲೆ ಗೂಚ್ ಇಂಗ್ಲೆಂಡಿಗೆ ನಾಯಕರಾದರು. 1988ರಲ್ಲಿ ಅವರ ನಾಯಕತ್ವದ ತಂಡಕ್ಕೆ ಭಾರತ ವೀಸಾ ನಿರಾಕರಿಸಿತು, ಪ್ರವಾಸವೇ ರದ್ದಾಯಿತು. ಸರಿಯಾಗಿಯೇ ಮಾಡಿದರು ಎನ್ನುತ್ತೇನೆ.

ಭಾರತ ದಕ್ಷಿಣ ಆಫ್ರಿಕಾದ ಜತೆ ವ್ಯಾಪಾರ ನಿಲ್ಲಿಸಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ ಎಂದು ಆಡದೆಯೇ ಕಪ್ ಬಿಟ್ಟುಕೊಟ್ಟೆವು. ಅಮೃತರಾಜ್ ಸಹೋದರರು ಗೆಲ್ಲಬಹುದಾಗಿದ್ದ ಕಪ್ ಅದು.

ನೇರ ಬ್ಯಾಟು
ಅಂದರೆ ಅಮೃತರಾಜ್ ಅವರೂ ದಂಡ ತೆತ್ತರು. ನಾನು ಹೇಳುವುದೂ ಅದನ್ನೇ. ಸರ್ಕಾರಗಳ ಜಗಳದಲ್ಲಿ ಆಟಗಾರ ಬಡವಾದ.

ಎಡಗೈ ಸ್ಪಿನ್
ಈ ಮಾತು ಒಪ್ಪುತ್ತೇನೆ, ಆದರೆ ಅರ್ಧ. ಬಡವಾದವರಲ್ಲಿಯೂ ಮೇಲುಕೀಳು ಇತ್ತು. ಗೂಚ್ ತಂಡಕ್ಕೆ ಮೂರು ವರ್ಷ ನಿಷೇಧ. ಅದೇ 1982ರಲ್ಲಿ ಬಂದೂಲ ವರ್ಣಪುರ ನಾಯಕತ್ವದಲ್ಲಿ ಹೋದ ಶ್ರೀಲಂಕಾದವರಿಗೆ 25 ವರ್ಷ. 1983ರಲ್ಲಿ ಲಾರೆನ್ಸ್ ರೋ ಜತೆ ಹೋದ ವೆಸ್ಟ್ ಇಂಡೀಸ್‌ನವರಿಗೆ ಆಜೀವ ನಿಷೇಧ, ಅದು ತೆರವಾದದ್ದು 1989ರಲ್ಲಿ.

ಈ ವೆಸ್ಟ್ ಇಂಡೀಸ್ ತಂಡದ ಕಥೆ ಓದಿದಾಗೆಲ್ಲ ನನಗೆ ಸಿಟ್ಟು ಬರಬೇಕೋ ಮರುಕ ಬರಬೇಕೋ ತಿಳಿಯುವುದಿಲ್ಲ. ನಾಯಕ ಕ್ಲೈವ್ ಲಾಯ್ಡ್ ಅವರ ಅಧಿಕೃತ ತಂಡದಲ್ಲಿ ಜಾಗ ಸಿಗದೆ ಕಾದು ಕುಳಿತಿದ್ದವರೇ ಹೆಚ್ಚು. ಎದುರಿಗೆ ಲಕ್ಷ ಡಾಲರ್ ಆಸುಪಾಸಿನ ಗಂಟು. ಹೋದರು. ಅಲ್ಲಿ ಅವರಿಗೆ ‘ಗೌರವ ಬಿಳಿಯರು’ ಎಂಬ ಬಿರುದು! ಆದರೂ ಕೇಪ್‌ಟೌನ್‌ನಲ್ಲಿ ಕಾಲಿನ್ ಕ್ರಾಫ್ಟ್ ರೈಲು ಹತ್ತಿ ಬಿಳಿಯರ ಬೋಗಿಯಲ್ಲಿ ಕುಳಿತರೆ ಅಲ್ಲಿಂದ ಎಬ್ಬಿಸಿದರು. ಸುಮಾರು ಆರೂವರೆ ಅಡಿ ಎತ್ತರದ, ಜಗತ್ತೇ ಹೆದರುತ್ತಿದ್ದ ಬೌಲರ್. ಊರಿಗೆ ಮರಳಿದ ಮೇಲೆ ಜಮೈಕಾದಲ್ಲಿ, ಬಾರ್ಬಡೋಸ್‌ನಲ್ಲಿ ಜನ ಮುಖ ತಿರುಗಿಸಿದರು. ರಿಚರ್ಡ್ ಆಸ್ಟಿನ್ ಕಿಂಗ್‌ಸ್ಟನ್ ಬೀದಿಯಲ್ಲಿ ಭಿಕ್ಷೆ ಬೇಡುವ ಸ್ಥಿತಿಗೆ ಬಂದು 2015ರಲ್ಲಿ ತೀರಿಕೊಂಡರು. ವಿವಿಯನ್ ರಿಚರ್ಡ್ಸ್‌ಗೂ ಕರೆ ಬಂದಿತ್ತು, ಅದಕ್ಕಿಂತ ಎಷ್ಟೋ ದೊಡ್ಡ ಗಂಟಿನ ಜತೆ. ಆದರೆ ಅವರು ಹೋಗಲಿಲ್ಲ.

ಮಲ್ಲಿಗೆ ಹೂವು
‘ಗೌರವ ಡಾಕ್ಟರೇಟ್’ ಕೇಳಿದ್ದೆ. ‘ಗೌರವ ಬಿಳಿಯ’ ಕೇಳಿರಲಿಲ್ಲ.

ಹಳೆಯ ರೇಡಿಯೊ
ವ್ಯಾಪಾರಕ್ಕೆ ಬರುತ್ತಿದ್ದ ಜಪಾನೀಯರಿಗೂ ಅದೇ ದರ್ಜೆ ಕೊಟ್ಟಿದ್ದರು, ತಾಯಿ. ಕಬ್ಬಿಣ ಕೊಳ್ಳುವವನ ಚರ್ಮದ ಬಣ್ಣ ಕಾಣುವುದಿಲ್ಲ.

ಜೋಬರ್ಗ್ ಕನ್ನಡಿಗ
ಒಳಗಿದ್ದವರ ಹೋರಾಟವನ್ನು ಯಾರೂ ಹೇಳಲಿಲ್ಲ. ಹಸನ್ ಹೋವಾ ಎಂಬವರು ಬಿಳಿಯರಲ್ಲದವರ ಕ್ರಿಕೆಟ್ ಮಂಡಳಿಯ ಮುಖ್ಯಸ್ಥರಾಗಿದ್ದರು. ಅಸಹಜ ಸಮಾಜದಲ್ಲಿ ಸಹಜ ಕ್ರೀಡೆ ಸಾಧ್ಯವಿಲ್ಲ ಎಂಬುದು ಅವರ ಘೋಷಣೆ. ಎಪ್ಪತ್ತರ ದಶಕದಲ್ಲಿ ಬಿಳಿಯರ ಮಂಡಳಿ, ಬನ್ನಿ, ಇನ್ನು ಮೇಲೆ ಒಟ್ಟಿಗೆ ಆಡೋಣ ಎಂದಿತು. ಕೆಲವರು ಹೋದರು. ಹೋವಾ ಒಪ್ಪಲಿಲ್ಲ. ಮಧ್ಯಾಹ್ನ ಒಂದೇ ಮೈದಾನದಲ್ಲಿ ಆಡಿ ಸಂಜೆ ಅವನು ಅವನ ಬಸ್ಸಿಗೆ, ನಾನು ನನ್ನ ಬಸ್ಸಿಗೆ. ಅವನ ಮಗ ಅವನ ಶಾಲೆಗೆ, ನನ್ನ ಮಗ ಬೇರೆ ಶಾಲೆಗೆ. ಹೀಗಿರುವಾಗ ಆ ಮೂರು ಗಂಟೆಯ ಸಮಾನತೆಗೆ ಏನರ್ಥ ಎಂಬುದು ಅವರ ವಾದ.

ಹಾಗೆ ಹೋದವರಲ್ಲಿ ಒಬ್ಬರು ಒಮರ್ ಹೆನ್ರಿ, ಎಡಗೈ ಸ್ಪಿನ್ನರ್. ತಮ್ಮ ಜನರಿಂದಲೇ ದ್ರೋಹಿ ಎನಿಸಿಕೊಂಡರು. 1992ರಲ್ಲಿ ಭಾರತದ ವಿರುದ್ಧ 40ನೆಯ ವಯಸ್ಸಿನಲ್ಲಿ ಟೆಸ್ಟ್ ಆಡಿದರು, ದಕ್ಷಿಣ ಆಫ್ರಿಕಾಕ್ಕೆ ಆಡಿದ ಮೊದಲ ಬಿಳಿಯರಲ್ಲದ ಆಟಗಾರ. ಸರಿಯೋ ತಪ್ಪೋ, ನಾನು ತೀರ್ಪು ಹೇಳಲಾರೆ.

ಎಡಗೈ ಸ್ಪಿನ್
ಸಣ್ಣ ತಿದ್ದುಪಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಾರ್ಲಿ ಲೆವೆಲಿನ್ ಎಂಬ ಆಲ್‌ರೌಂಡರ್ ಆಡಿದ್ದರು. ಅವರು ಮಿಶ್ರ ಮೂಲದವರು ಎಂಬುದು ಸಾಮಾನ್ಯ ನಂಬಿಕೆ, ಕುಟುಂಬದವರು ಅದನ್ನು ಒಪ್ಪಿರಲಿಲ್ಲ. ಮರುಪ್ರವೇಶದ ನಂತರದ ಮೊದಲಿಗರು ಎಂದರೆ ಹೆನ್ರಿ ಅವರೇ.

ಜೋಬರ್ಗ್ ಕನ್ನಡಿಗ
ಸರಿ, ತಿದ್ದಿಕೊಂಡೆ. ಬಣ್ಣವನ್ನು ಒಪ್ಪಿಕೊಳ್ಳದೆ ಇದ್ದದ್ದಕ್ಕೇ ಆಡಲು ಸಾಧ್ಯವಾಯಿತೇನೋ, ಯಾರಿಗೆ ಗೊತ್ತು.

ಸಾಲುಮರ
1991ರಲ್ಲಿ ಈಡನ್ ಗಾರ್ಡನ್ಸ್‌ಗೆ ವೆಸೆಲ್ಸ್ ನಾಯಕತ್ವದಲ್ಲಿ ಬಂದ ತಂಡದಲ್ಲಿ ಒಬ್ಬರಾದರೂ ಕಪ್ಪು ಆಟಗಾರರಿದ್ದರೇ?

ಗಲ್ಲಿ ಫೀಲ್ಡರ್
ನಾಯಕ ಕ್ಲೈವ್ ರೈಸ್, ವೆಸೆಲ್ಸ್ ಅಲ್ಲ. ನವೆಂಬರ್ 10. ಆಡಿದ ಹನ್ನೊಂದೂ ಮಂದಿ ಬಿಳಿಯರೇ. ಚಂದ್ರನ ಮೇಲೆ ಕಾಲಿಟ್ಟ ಆರ್ಮ್‌ಸ್ಟ್ರಾಂಗ್‌ಗೆ ಹೇಗನ್ನಿಸಿತು ಎಂದು ಈಗ ಗೊತ್ತಾಯಿತು ಎಂಬ ಅರ್ಥದಲ್ಲಿ ರೈಸ್ ಹೇಳಿದ್ದರು. ಅಲನ್ ಡೊನಾಲ್ಡ್ 29ಕ್ಕೆ 5 ಕಿತ್ತರೂ ನಾವು ಗೆದ್ದೆವು.

ತುಂಗೆಯ ದಡ
ನನಗೆ ಹೆಚ್ಚು ಕುತೂಹಲ 1992ರ ಮಾರ್ಚ್. ತಂಡ ಆಸ್ಟ್ರೇಲಿಯಾದಲ್ಲಿ ವಿಶ್ವಕಪ್ ಆಡುತ್ತಿದೆ. ಅತ್ತ 17ನೆಯ ತಾರೀಕು ಬಿಳಿಯ ಮತದಾರರ ಜನಮತಗಣನೆ, ಸುಧಾರಣೆ ಮುಂದುವರಿಯಲೇ ಬೇಡವೇ ಎಂದು. ಬೇಡ ಎಂದಿದ್ದರೆ ತಂಡ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಶೇ 68ಕ್ಕೂ ಹೆಚ್ಚು ಜನ ಹೌದು ಎಂದರು. ಐದು ದಿನ ಕಳೆದು ಸಿಡ್ನಿಯಲ್ಲಿ ಸೆಮಿಫೈನಲ್, ಮಳೆ, ಸ್ಕೋರ್ ಫಲಕದಲ್ಲಿ ಒಂದು ಚೆಂಡಿಗೆ 22 ರನ್ ಬೇಕು ಎಂಬ ಬರಹ. ಆ ಮತಪೆಟ್ಟಿಗೆಯಲ್ಲಿ ಕ್ರಿಕೆಟ್‌ನ ಪಾಲು ಎಷ್ಟೋ ಇತ್ತು ಎಂದೇ ನನ್ನ ಅನಿಸಿಕೆ. ಬಹಿಷ್ಕಾರ ಅವರಿಗೆ ನೋವು ಕೊಟ್ಟದ್ದು ಅಲ್ಲಿಯೇ, ಶನಿವಾರ ಮಧ್ಯಾಹ್ನದ ಆಟದಲ್ಲಿ.

ನೇರ ಬ್ಯಾಟು
ಚರಿತ್ರೆ ಚೆನ್ನಾಗಿದೆ, ಬಹಳ ಕಲಿತೆ, ವ್ಯಂಗ್ಯವಲ್ಲ. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಉಳಿಯಿತು. 2016ರಿಂದ ಲಿಖಿತ ಗುರಿಯೇ ಇದೆ: ವರ್ಷದ ಸರಾಸರಿಯಲ್ಲಿ ತಂಡದಲ್ಲಿ ಬಿಳಿಯರಲ್ಲದವರು ಆರು, ಅದರಲ್ಲಿ ಕಪ್ಪು ಆಫ್ರಿಕನ್ನರು ಕನಿಷ್ಠ ಇಬ್ಬರು. ಇದು ಎಲ್ಲಿಯವರೆಗೆ? 2002ರಲ್ಲಿ ಸಿಡ್ನಿ ಟೆಸ್ಟ್‌ಗೆ ಜಾಕ್ ರುಡಾಲ್ಫ್ ಅವರನ್ನು ಆರಿಸಿದ ಮೇಲೆ ಮಂಡಳಿಯ ಅಧ್ಯಕ್ಷ ಪರ್ಸಿ ಸನ್ ಅಡ್ಡಬಂದು ಜಸ್ಟಿನ್ ಒಂಟಾಂಗ್ ಅವರನ್ನು ಹಾಕಿಸಿದರು. ಆ ಒಂಟಾಂಗ್ ಅವರ ಮನಸ್ಥಿತಿ ಹೇಗಿದ್ದಿರಬೇಕು? ಕೋಟಾ ಎಂಬ ಹಣೆಪಟ್ಟಿ ಹೊತ್ತು ಬ್ಯಾಟ್ ಹಿಡಿಯುವುದು ಅವರಿಗೇ ಅನ್ಯಾಯ.

ಜೋಬರ್ಗ್ ಕನ್ನಡಿಗ
ಇದು ನಿಜವಾದ ಪ್ರಶ್ನೆ. ಫಿಲಾಂಡರ್ ಅವರಿಗೂ ಆ ಸೆಮಿಫೈನಲ್ ಮುಳ್ಳಾಗಿಯೇ ಉಳಿಯಿತು. ಅವರು ಮೀಸಲಾತಿಯ ಆಟಗಾರರಲ್ಲ, ಟೆಸ್ಟ್‌ನಲ್ಲಿ ಇನ್ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು.

ಆದರೆ ಹುಡುಗರು ಬರುತ್ತಿರುವುದು ಎಲ್ಲಿಂದ ಎಂದೂ ನೋಡಿ. ಬವುಮಾ ಹುಟ್ಟಿದ್ದು ಕೇಪ್‌ಟೌನ್‌ನ ಕಪ್ಪು ಬಡಾವಣೆ ಲಾಂಗಾದಲ್ಲಿ, ಆದರೆ ಓದಿದ್ದು ನ್ಯೂಲ್ಯಾಂಡ್ಸ್‌ನ ಹಳೆಯ ಶ್ರೀಮಂತ ಶಾಲೆ, ಆಮೇಲೆ ಜೋಹಾನ್ಸ್‌ಬರ್ಗ್‌ನ ಸೇಂಟ್ ಡೇವಿಡ್ಸ್. ವೇಗಿ ರಬಾಡ ಓದಿದ್ದು ಸೇಂಟ್ ಸ್ಟಿಥಿಯನ್ಸ್. ಲುಂಗಿ ಎನ್‌ಗಿಡಿ ಅವರ ತಾಯಿ ಮನೆಗೆಲಸ ಮಾಡುತ್ತಿದ್ದವರು, ಮಗ ವಿದ್ಯಾರ್ಥಿವೇತನ ಸಿಕ್ಕಿ ಹಿಲ್ಟನ್ ಕಾಲೇಜು ಎಂಬ ಶಾಲೆ ಸೇರಿದರು. ಅಂದರೆ ಇಂದಿಗೂ ಪ್ರತಿಭೆ ಕಣ್ಣಿಗೆ ಬೀಳಬೇಕಾದರೆ ಹುಲ್ಲುಹಾಸಿನ ಮೈದಾನವಿರುವ ಆ ಹತ್ತಾರು ಶಾಲೆಗಳ ಗೇಟು ದಾಟಬೇಕು. ನನ್ನ ಕಚೇರಿಯ ದಾರಿಯಲ್ಲಿ ಒಂದು ಕಪ್ಪು ಬಡಾವಣೆಯ ಮೈದಾನವಿದೆ. ಒಂದು ಸಿಮೆಂಟ್ ಪಿಚ್, ಹರಿದ ಬಲೆ, ಮೇಯುವ ಆಡು. ಮೇಲಿನ ಹನ್ನೊಂದರಲ್ಲಿ ಲೆಕ್ಕ ಸರಿಮಾಡಿ ಕೆಳಗೆ ಹೀಗೇ ಬಿಟ್ಟರೆ ಕೋಟಾ ಎಂಬುದು ಬರೀ ಬಣ್ಣ ಬಳಿಯುವ ಕೆಲಸ. ಇದರಲ್ಲಿ ನಾನು ನಿಮ್ಮ ಕಡೆ. ಆದರೆ ಕೋಟಾ ತೆಗೆಯಿರಿ ಎನ್ನುವವರು ಆ ಮೈದಾನಕ್ಕೆ ಒಂದು ಬಲೆ ಕೊಡಿಸಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು. ಮಖಾಯಾ ಎನ್‌ಟಿನಿ 1998ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಟೆಸ್ಟ್ ಆಡಿದ ಮೊದಲ ಕಪ್ಪು ಆಫ್ರಿಕನ್. 390 ವಿಕೆಟ್. ಅವರು ಹೋಟೆಲ್‌ನಿಂದ ಮೈದಾನಕ್ಕೆ ಓಡಿಕೊಂಡೇ ಹೋಗುತ್ತಿದ್ದರು. ಎಂಥ ದೇಹದಾರ್ಢ್ಯ ಎಂದು ನಾವೆಲ್ಲ ಹೊಗಳಿದೆವು. 2020ರಲ್ಲಿ ಅವರೇ ಹೇಳಿದರು: ತಂಡದ ಬಸ್ಸಿನಲ್ಲಿ ಒಂಟಿಯಾಗಿ ಕೂರುವುದನ್ನು ತಪ್ಪಿಸಿಕೊಳ್ಳಲು ಓಡುತ್ತಿದ್ದೆ ಎಂದು. ಅವರು ಹಿಂದಿನ ಸೀಟಿನಲ್ಲಿ ಕುಳಿತರೆ ಉಳಿದವರು ಮುಂದೆ ಹೋಗಿ ಕೂರುತ್ತಿದ್ದರಂತೆ.

ನೇರ ಬ್ಯಾಟು
ಎನ್‌ಟಿನಿ ಓಡುತ್ತಿದ್ದದ್ದನ್ನು ನಾನೂ ನನ್ನ ಮಗನಿಗೆ ಮಾದರಿಯಾಗಿ ಹೇಳಿದ್ದೆ. ಇದು ಗೊತ್ತಿರಲಿಲ್ಲ.

ಅಬಾಟ್ ವಿಷಯದಲ್ಲಿ ಮಾತ್ರ ಜಗ್ಗುವುದಿಲ್ಲ.

ಸಾಲುಮರ
ಜಗ್ಗಬೇಡಿ ಸರ್, ನೀವು ಜಗ್ಗಿದರೆ ಚರ್ಚೆ ಮುಗಿದುಹೋಗುತ್ತದೆ.

ಧಾರವಾಡದ ಪೇಢೆ
ಎಲ್ಲರೂ ದಕ್ಷಿಣ ಆಫ್ರಿಕಾದ ಬಸ್ಸು, ಬೋಗಿ, ಬೇಲಿ ಎನ್ನುತ್ತಿದ್ದೀರಿ. ನಮ್ಮ ಊರಿನಲ್ಲಿ ಹುಟ್ಟಿದ ಒಬ್ಬರ ಮಾತು ಹೇಳಲೇ?

ಪಾಲ್ವಣಕರ್ ಬಾಳೂ. 1870ರ ದಶಕದಲ್ಲಿ ಧಾರವಾಡದಲ್ಲಿ ಜನನ, ಚಮ್ಮಾರ ಜಾತಿ. ಪುಣೆಯಲ್ಲಿ ಬಿಳಿಯರ ಕ್ಲಬ್‌ನಲ್ಲಿ ಪಿಚ್ ಉರುಳಿಸುವ, ಬಲೆ ಕಟ್ಟುವ ಕೆಲಸ. ಬಿಡುವಿನಲ್ಲಿ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗಳಿಗೆ ಎಡಗೈ ಸ್ಪಿನ್ ಎಸೆದೆಸೆದೇ ಪಳಗಿದರು. ಹಿಂದೂ ತಂಡದವರಿಗೆ ಬಿಳಿಯರನ್ನು ಸೋಲಿಸಲು ಇವರು ಬೇಕಾದರು, ಕರೆದರು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನು ಇವರೂ ಮುಟ್ಟಬಹುದು. ಚಹಾ ವಿರಾಮದಲ್ಲಿ ಮಾತ್ರ ಪೆವಿಲಿಯನ್ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿದು ಎಸೆಯಬೇಕು. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಹಿಂದೂ ತಂಡದ ನಾಯಕತ್ವ ಸಿಗಲೇ ಇಲ್ಲ. ತಮ್ಮ ವಿಠ್ಠಲ ಅವರಿಗೆ ಸಿಕ್ಕಿದ್ದು 1923ರಲ್ಲಿ, ಅದೂ ವರ್ಷಗಟ್ಟಲೆ ಜಗಳವಾದ ಮೇಲೆ.

ಹಿಂದೂ ತಂಡ ಆಡುತ್ತಿದ್ದ ಮುಂಬೈಯ ಟೂರ್ನಿಯಲ್ಲಿ ತಂಡಗಳೇ ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಎಂದು. ಅದು ನಿಂತದ್ದು 1946ರಲ್ಲಿ.

ಕೊನೆಯ ಬೆಂಚು
ಧಾರವಾಡದವರೇ! ನನಗೆ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ಯಾರೂ ಹೇಳಲಿಲ್ಲವಲ್ಲ.

ಹಳೆಯ ರೇಡಿಯೊ
ಅದೇ ಬಾಳೂ 1937ರ ಚುನಾವಣೆಯಲ್ಲಿ ಮುಂಬೈಯಲ್ಲಿ ಅಂಬೇಡ್ಕರ್ ವಿರುದ್ಧ ನಿಂತು ಸೋತರು. ತಾವು ಒಂದು ಕಾಲದಲ್ಲಿ ಮೆಚ್ಚಿ ಸನ್ಮಾನಿಸಿದ್ದ ಆಟಗಾರನನ್ನೇ ಅಂಬೇಡ್ಕರ್ ಎದುರಿಸಬೇಕಾಯಿತು. ಇದನ್ನು ಬೇರೆಯೇ ಎಳೆಯಾಗಿ ಆರಂಭಿಸಿ, ಪೇಢೆಯವರೇ. ಇಲ್ಲಿ ಬಾಲವಾಗಿ ಸೇರಿಸುವ ವಿಷಯವಲ್ಲ.

ಧಾರವಾಡದ ಪೇಢೆ
ಆರಂಭಿಸುತ್ತೇನೆ ಸರ್. ಅದಕ್ಕೆ ಮೊದಲು ಒಂದು. ಬಾಳೂ ಧಾರವಾಡದ ಎಡಗೈ ಸ್ಪಿನ್ನರ್. ನಮ್ಮ ಸುನಿಲ್ ಜೋಶಿ ಗದಗದ ಎಡಗೈ ಸ್ಪಿನ್ನರ್, ಅವರು ಹುಟ್ಟಿದಾಗ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. 1999ರಲ್ಲಿ ನೈರೋಬಿಯಲ್ಲಿ ಜೋಶಿ ಬೌಲಿಂಗ್ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಎದುರಾಳಿ ಯಾರು ಹೇಳಿ?

ಗಲ್ಲಿ ಫೀಲ್ಡರ್
ದಕ್ಷಿಣ ಆಫ್ರಿಕಾ!!

ತುಂಗೆಯ ದಡ
ಎಲ್ಲ ದಾರಿಯೂ ಎಂದು ಆಗಲೇ ಹೇಳಿದ್ದೆ.

ಕೊನೆಯ ಬೆಂಚು
ಭಾನುವಾರ ಕಳೆಯಿತು. ವರದಿ ಒಪ್ಪಿಸುತ್ತೇನೆ.

ಹೆಂಡ್ರಿಕ್ಸ್‌ನಿಂದ ಶುರುಮಾಡಿದೆ. ಭಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಡಿ’ಒಲಿವೇರಾ ಬಂದಾಗ ಪತ್ರಿಕೆ ಮಡಿಸಿಟ್ಟರು. ಎನ್‌ಟಿನಿಯ ಓಟದ ಮಾತಿಗೆ ಏನೂ ಹೇಳಲಿಲ್ಲ. ಅವರು ನಲವತ್ತು ವರ್ಷದ ಹಿಂದೆ ಹಳ್ಳಿಯಿಂದ ನಗರದ ವಿದ್ಯಾರ್ಥಿನಿಲಯಕ್ಕೆ ಬಂದಾಗ ಊಟದ ಸಾಲಿನಲ್ಲಿ ಎಲ್ಲರಿಗಿಂತ ಮೊದಲೇ ಹೋಗಿ ಉಂಡು ಎದ್ದುಬಿಡುತ್ತಿದ್ದರಂತೆ. ಅದನ್ನು ಅಕ್ಕ ಅಡುಗೆಮನೆಯಲ್ಲಿ ನನಗೆ ಆಮೇಲೆ ಹೇಳಿದಳು. ಏಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಭಾವ ಕೇಳಿದ್ದು ಒಂದೇ: ‘ಆ ಅಬಾಟ್ ವಿಷಯ ಯಾರೋ ಎತ್ತಿದ್ದರು ಎಂದೆಯಲ್ಲ, ಅವನಿಗೆ ನೀವು ಸರಿಯಾದ ಉತ್ತರ ಕೊಟ್ಟಿರೋ ಇಲ್ಲವೋ?’

ನೇರ ಬ್ಯಾಟು
ಇನ್ನೂ ಕೊಟ್ಟಿಲ್ಲ ಎಂದು ತಿಳಿಸಿ. ನಿಮ್ಮ ಭಾವನಿಗೆ ನನ್ನ ನಮಸ್ಕಾರ.